ಗುರುವಾರದ ಊಟವೂ ಬರಲಿ

ಮಾನ್ಯ ಸಂಪಾದಕರಿಗೆ, ನಮಸ್ಕಾರ.

ಕಳೆದ ವಾರ ನಿಮ್ಮ ಓದುಗರ ಅಂಕಣದಲ್ಲಿ ಹಿರಿಯರೊಬ್ಬರ ಪತ್ರ ಓದಿದೆ. ಬೆಂಗಳೂರಿನ ಹುಡುಗ ಹುಡುಗಿಯರು ಈಗ ಅಮೆರಿಕದವರ ಥ್ಯಾಂಕ್ಸ್‌ಗಿವಿಂಗ್ ಹಬ್ಬವನ್ನೂ ಹಿಡಿದುಕೊಂಡಿದ್ದಾರೆ, ತಾರಸಿಯ ಮೇಲೆ ದೀಪದ ಸರ ಕಟ್ಟಿ ಊಟ ಮಾಡುತ್ತಾರೆ, ನಮ್ಮ ಹಬ್ಬಗಳು ಇವರಿಗೆ ಸಾಲದೆ ಎಂದು ಅವರು ಕೇಳಿದ್ದರು. ಅವರ ಕಳವಳ ನನಗೆ ಅರ್ಥವಾಗುತ್ತದೆ. ಆದರೆ ಬೈಯಬೇಕಾದದ್ದನ್ನು ಬಿಟ್ಟು ಬೇರೆಯದನ್ನು ಬೈದಿದ್ದಾರೆ ಎಂದೂ ಅನ್ನಿಸಿತು. ಅದಕ್ಕೇ ಈ ಪತ್ರ. ಸ್ವಲ್ಪ ಉದ್ದವಾಗಿದೆ, ದಯವಿಟ್ಟು ಕತ್ತರಿಸದೆ ಹಾಕಿ.

ನವೆಂಬರ್ ಕೊನೆಯ ವಾರ ಬಂತೆಂದರೆ ಎಲ್ಲಿ ನೋಡಿದರೂ ಬ್ಲ್ಯಾಕ್ ಫ್ರೈಡೇ ಮಾರಾಟದ ಜಾಹೀರಾತು. ಮೊಬೈಲಿಗೆ ಬೆಳಗಿನಿಂದ ಅದೇ ಸಂದೇಶ, ಮಾಲ್‌ಗಳ ಗಾಜಿನ ಮೇಲೆ ಅದೇ ಚೀಟಿ. ಅಮೆರಿಕದಲ್ಲಿ ನವೆಂಬರ್ ತಿಂಗಳ ನಾಲ್ಕನೆಯ ಗುರುವಾರ ಥ್ಯಾಂಕ್ಸ್‌ಗಿವಿಂಗ್. ಅದರ ಮಾರನೆಯ ದಿನ ಕ್ರಿಸ್‌ಮಸ್ ಖರೀದಿಯ ಭರಾಟೆ, ಅದೇ ಬ್ಲ್ಯಾಕ್ ಫ್ರೈಡೇ. ಆ ಮಾರನೆಯ ದಿನವನ್ನು ನಾವು ಯಾರೂ ಚಕಾರವೆತ್ತದೆ ಒಳಗೆ ಬಿಟ್ಟುಕೊಂಡಿದ್ದೇವೆ. ಅದರ ಹಿಂದಿನ ದಿನ ಜನ ದೂರದಿಂದ ಪ್ರಯಾಣ ಮಾಡಿ ಬಂದು, ಕೈಯಾರೆ ಮಾಡಿದ್ದನ್ನು ಹಂಚಿಕೊಂಡು, ಒಬ್ಬರ ಉಪಕಾರವನ್ನು ಇನ್ನೊಬ್ಬರು ನೆನೆಯುತ್ತಾರಲ್ಲ, ಆ ಗುರುವಾರವನ್ನು ಮಾತ್ರ ಪರದೇಶದ್ದು ಎಂದು ಹೊರಗೆ ನಿಲ್ಲಿಸುತ್ತೇವೆ. ನನ್ನ ತಕರಾರು ಇದೇ.

ನಾನು ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರಾಗಿ ಸೇರಿ ಅದೇ ಇಲಾಖೆಯಲ್ಲಿ ನಿವೃತ್ತಳಾದವಳು. ಮಗಳ ಬಾಣಂತನಕ್ಕೆಂದು ನ್ಯೂಜೆರ್ಸಿಗೆ ಹೋಗಿದ್ದಾಗ ಈ ಹಬ್ಬವನ್ನು ಕಣ್ಣಾರೆ ಕಂಡೆ. ಹಿಂದಿನ ದಿನವೇ ಮಗು, ಬುಟ್ಟಿ, ಡಬ್ಬಿಗಳ ಸಮೇತ ಪಿಟ್ಸ್‌ಬರ್ಗಿನ ಗೆಳೆಯರ ಮನೆಗೆ ಹೊರಟೆವು. ಪೆನ್ಸಿಲ್ವೇನಿಯಾ ರಾಜ್ಯದ ಈ ತುದಿಯಿಂದ ಆ ತುದಿಯವರೆಗೆ ಕಾರಿನ ದಾರಿ. ಗೌರಿಹಬ್ಬದ ಹಿಂದಿನ ಸಂಜೆ ನಮ್ಮ ಮೆಜೆಸ್ಟಿಕ್ ಇರುತ್ತದಲ್ಲ, ಅವರ ಹೆದ್ದಾರಿ ಹಾಗಿತ್ತು. ಎಲ್ಲರೂ ಯಾರದೋ ಮನೆಗೆ ಹೊರಟವರೇ.

ಆ ಮನೆಯಲ್ಲಿ ಸೇರಿದ್ದವರು ನೆಂಟರಲ್ಲ. ಹಾಸನ, ಬಳ್ಳಾರಿ, ಕುಂದಾಪುರ ಕಡೆಯ ಹುಡುಗರು, ಒಬ್ಬ ತೆಲುಗಿನವನು, ಪಕ್ಕದ ಮನೆಯ ಅಮೆರಿಕನ್ ಅಜ್ಜಿ. ಹಾಸನದ ಹುಡುಗ ಮೊಟ್ಟೆ ಹಾಕದೆ ಕುಂಬಳಕಾಯಿ ಪೈ ಮಾಡಿದ್ದ. ಮೈದಾಹಿಟ್ಟಿಗೆ ತಣ್ಣನೆಯ ಬೆಣ್ಣೆ ಉಜ್ಜಿ, ಕಲಸಿ, ಲಟ್ಟಿಸಿ ತಟ್ಟೆಗೆ ಹಾಸುತ್ತಾರೆ. ಬೇಯಿಸಿ ಅರೆದ ಸಿಹಿಗುಂಬಳಕಾಯಿಗೆ ಸಕ್ಕರೆ, ಗಟ್ಟಿ ಹಾಲು, ದಾಲ್ಚಿನ್ನಿ, ಒಣಶುಂಠಿ, ಲವಂಗ, ಜಾಯಿಕಾಯಿ ಸೇರಿಸಿ ಅದರೊಳಕ್ಕೆ ಸುರಿದು ಓವನ್ನಿನಲ್ಲಿಡುತ್ತಾರೆ. ಮೊಟ್ಟೆಯ ಬದಲು ಅವನು ಕಾರ್ನ್‌ಫ್ಲೋರ್ ಬಳಸಿದ್ದ. ಎಷ್ಟೋ ಹುಣ್ಣಿಮೆ ಅಮಾವಾಸ್ಯೆಗಳ ಅಡುಗೆ ಮಾಡಿದ ನನಗೂ ಆ ಪರಿಮಳ ಹೊಸದಾಗಿತ್ತು, ರುಚಿ ಮಾತ್ರ ಪರಿಚಿತವಾಗಿತ್ತು. ಅಜ್ಜಿ ಎರಡನೆಯ ಸಲ ಕೇಳಿ ಹಾಕಿಸಿಕೊಂಡರು.

ಊಟಕ್ಕೆ ಮುಂಚೆ ಒಬ್ಬೊಬ್ಬರೂ ಆ ವರ್ಷ ತಮಗೆ ಒದಗಿಬಂದವರನ್ನು ನೆನೆಯಬೇಕು. ಬಳ್ಳಾರಿಯ ಹುಡುಗನ ತಂದೆ ಆ ಬೇಸಿಗೆಯಲ್ಲಿ ತೀರಿಕೊಂಡಿದ್ದರಂತೆ. ಸುದ್ದಿ ಬಂದ ರಾತ್ರಿ ತನ್ನನ್ನು ವಿಮಾನ ನಿಲ್ದಾಣಕ್ಕೆ ಕರೆದುಕೊಂಡು ಹೋದ, ತಾನು ತಿರುಗಿ ಬರುವವರೆಗೆ ತನ್ನ ಪಾಲಿನ ಬಾಡಿಗೆಯನ್ನೂ ಕಟ್ಟಿದ ತೆಲುಗಿನ ಗೆಳೆಯನ ಕಡೆ ನೋಡಿ ಅವನು ಎರಡು ಮಾತು ಆಡಿದ. ಇಬ್ಬರೂ ಒಂದೇ ಮನೆಯಲ್ಲಿ ಇದ್ದವರು. ದಿನವೂ ಮುಖ ನೋಡುತ್ತಿದ್ದರೂ ಆ ಮಾತು ಅಲ್ಲಿಯವರೆಗೆ ಬಾಯಿಗೆ ಬಂದಿರಲಿಲ್ಲ. ಅದಕ್ಕೊಂದು ದಿನ ಬೇಕಾಯಿತು.

ಹಬ್ಬದ ಚರಿತ್ರೆಯೆಲ್ಲ ಬೆಳಕಲ್ಲ, ಅದನ್ನೂ ಹೇಳಬೇಕು. 1621ರಲ್ಲಿ ಅಮೆರಿಕದ ಪ್ಲಿಮತ್‌ನಲ್ಲಿ ಇಂಗ್ಲೆಂಡಿನಿಂದ ಬಂದು ನೆಲೆಸಿದವರು ಸುಗ್ಗಿಯ ಊಟ ಮಾಡಿದಾಗ ಅವರ ಜೊತೆ ಕೂತಿದ್ದವರು ಆ ನೆಲದ ವಾಂಪನೋಗ್ ಜನ. ಅವರ ಮುಂದಿನ ತಲೆಮಾರುಗಳು ನೆಲವನ್ನೇ ಕಳೆದುಕೊಂಡರು. 1970ರಿಂದ ಮೂಲನಿವಾಸಿಗಳು ಅದೇ ಗುರುವಾರ ಅದೇ ಪ್ಲಿಮತ್‌ನಲ್ಲಿ ಶೋಕದ ದಿನ ಆಚರಿಸುತ್ತಾರೆ. ಅದನ್ನು ಮುಚ್ಚಿಟ್ಟು ಹಬ್ಬವನ್ನು ಹೊಗಳಿದರೆ ತಪ್ಪಾಗುತ್ತದೆ.

ಪತ್ರಿಕೆಗಳಿಗೆ ಪತ್ರ ಬರೆಯುವ ಹೆಂಗಸಾದ ನನಗೆ ಈ ಚರಿತ್ರೆಯಲ್ಲಿ ಬಲು ಹಿಡಿಸಿದ್ದು ಸಾರಾ ಜೊಸೆಫಾ ಹೇಲ್. ಚಿಕ್ಕ ವಯಸ್ಸಿನಲ್ಲೇ ಗಂಡನನ್ನು ಕಳೆದುಕೊಂಡು ಐದು ಮಕ್ಕಳನ್ನು ಸಾಕಿದವರು, ಮಹಿಳೆಯರ ಮಾಸಪತ್ರಿಕೆಯೊಂದನ್ನು ದಶಕಗಳ ಕಾಲ ಸಂಪಾದಿಸಿದವರು. ಆಗ ಒಂದೊಂದು ರಾಜ್ಯ ಒಂದೊಂದು ದಿನ ಈ ಹಬ್ಬ ಮಾಡುತ್ತಿತ್ತು. ಇಡೀ ದೇಶ ಒಂದೇ ದಿನ ಮಾಡಬೇಕೆಂದು ಹೇಲ್ ತಮ್ಮ ಪತ್ರಿಕೆಯಲ್ಲಿ ವರ್ಷವರ್ಷವೂ ಬರೆದರು, ಗವರ್ನರುಗಳಿಗೆ ಬರೆದರು, ಒಬ್ಬರಾದ ಮೇಲೆ ಒಬ್ಬರು ಅಧ್ಯಕ್ಷರಿಗೆ ಬರೆದರು. 1863ರ ಸೆಪ್ಟೆಂಬರ್ 28ರಂದು ಲಿಂಕನ್‌ಗೆ ಕಾಗದ ಹಾಕಿದಾಗ ಅವರಿಗೆ 74 ವರ್ಷ. ದೇಶದಲ್ಲಿ ಅಂತರ್ಯುದ್ಧ ನಡೆದಿತ್ತು. ಅಕ್ಟೋಬರ್ 3ಕ್ಕೆ ಇಡೀ ದೇಶ ಒಂದೇ ದಿನ ಹಬ್ಬ ಮಾಡಬೇಕೆಂಬ ಘೋಷಣೆ ಹೊರಬಿತ್ತು.

ಆಮೇಲೆ 1939ರಲ್ಲಿ ಅಧ್ಯಕ್ಷ ರೂಸ್‌ವೆಲ್ಟ್ ವ್ಯಾಪಾರಿಗಳಿಗೆ ಕ್ರಿಸ್‌ಮಸ್ ಮಾರಾಟಕ್ಕೆ ಇನ್ನಷ್ಟು ದಿನ ಸಿಗಲಿ ಎಂದು ಹಬ್ಬವನ್ನು ಒಂದು ವಾರ ಮೊದಲಿಗೆ ತಂದರು. ಜನ ಸಿಟ್ಟಿಗೆದ್ದರು, ಅನೇಕ ರಾಜ್ಯಗಳು ಹಳೆಯ ದಿನವನ್ನೇ ಉಳಿಸಿಕೊಂಡವು. 1941ರಲ್ಲಿ ಅಲ್ಲಿನ ಸಂಸತ್ತಾದ ಕಾಂಗ್ರೆಸ್ಸು ನಾಲ್ಕನೆಯ ಗುರುವಾರ ಎಂದು ಕಾನೂನು ಮಾಡಿದ ಮೇಲೆ ಗಲಾಟೆ ಅಡಗಿತು. ಊಟದ ಎಲೆಯನ್ನು ಅಂಗಡಿಯ ಕಡೆಗೆ ಎಳೆಯುವ ಕೆಲಸ ಅಲ್ಲೂ ನಡೆದಿದೆ, ಅಲ್ಲಿಯ ಜನ ಎದುರು ನಿಂತಿದ್ದಾರೆ. ಇಲ್ಲಿ ನಾವು ಎಲೆ ಹಾಕುವ ಮೊದಲೇ ಅಂಗಡಿ ತೆರೆದಿದ್ದೇವೆ.

ಊರಿಗೆ ಮರಳಿದ ಮೇಲೆ ಇದನ್ನೆಲ್ಲ ಎಕ್ಸ್‌ಚೇಂಜಿನ ಗೆಳತಿಯರಿಗೆ ಹೇಳಿದೆ. ನಾವು ಟ್ರಂಕ್ ಕಾಲ್ ಕಾಲದವರು. ಕಿವಿಗೆ ಹೆಡ್‌ಸೆಟ್ ಹಾಕಿ ಸಾಲಾಗಿ ಕೂತು ರಾಯಚೂರಿಗೋ ಬೊಂಬಾಯಿಗೋ ಲೈನ್ ಜೋಡಿಸಿಕೊಡುತ್ತಿದ್ದವರು. ಯಾರದೋ ಸಾವು, ಯಾರದೋ ಹೆರಿಗೆ, ಮುರಿದುಬಿದ್ದ ಸಂಬಂಧ, ಎಲ್ಲ ನಮ್ಮ ಕೈಮೇಲೆ ಹಾದು ಹೋಗುತ್ತಿತ್ತು. ಹಗಲು ಪಾಳಿ, ರಾತ್ರಿ ಪಾಳಿ. ಒಬ್ಬಳ ಮಗುವಿಗೆ ಜ್ವರ ಬಂದರೆ ಇನ್ನೊಬ್ಬಳು ಅವಳ ಕುರ್ಚಿಯಲ್ಲಿ ಕೂರುತ್ತಿದ್ದಳು. ನಿವೃತ್ತಿಯಾದ ಮೇಲೆ ಕೆಲವರು ಬೆಂಗಳೂರು ಬಿಟ್ಟು ದೊಡ್ಡಬಳ್ಳಾಪುರ, ಕೋಲಾರ, ಮಾಗಡಿ ಸೇರಿದ್ದಾರೆ. ನವೆಂಬರಿನ ಆ ಗುರುವಾರ ಉಳಿದವರೆಲ್ಲ ಹೊರಗಿರುವ ಗೆಳತಿಯೊಬ್ಬಳ ಮನೆಗೆ ಹೋಗುವುದು, ಅಂಗಡಿಯ ಸಿಹಿ ತರಕೂಡದು, ಮನೆಯಲ್ಲಿ ತಾನೇ ಮಾಡಿದ್ದು ತರಬೇಕು ಎಂದು ಗೊತ್ತುಮಾಡಿಕೊಂಡೆವು. 2023ರ ಜೂನ್ 11ರಂದು ಶಕ್ತಿ ಯೋಜನೆ ಬಂದಮೇಲಂತೂ ಬಸ್ ಚಾರ್ಜಿಗೆ ಹಿಂದೆಮುಂದೆ ನೋಡುತ್ತಿದ್ದವರೂ ತಪ್ಪಿಸುವುದಿಲ್ಲ. ಆಧಾರ್ ತೋರಿಸಿ ಶೂನ್ಯ ಟಿಕೆಟ್ ತೆಗೆದುಕೊಂಡು, ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡು ಕೂತರೆ ಆಯಿತು. ಈ ಯೋಜನೆಯ ಬಗ್ಗೆ ಹಗುರವಾಗಿ ಮಾತಾಡುವವರು ಒಮ್ಮೆ ನಮ್ಮ ಜೊತೆ ಬಂದು ನೋಡಲಿ.

ಮಾಗಡಿಯ ದಾರಿ ನನಗೆ ಬಹಳ ಇಷ್ಟ. ತಾವರೆಕೆರೆ ದಾಟುತ್ತಿದ್ದಂತೆ ಊರಿನ ಗದ್ದಲ ಹಿಂದೆ ಬಿದ್ದು ರಾಗಿ ಕೊಯ್ಲಿನ ಹೊಲಗಳು ಕಾಣಿಸುತ್ತವೆ. ಬಸ್ಸಿನ ಚಕ್ರಕ್ಕೆ ಸಿಕ್ಕಿ ಕಾಳು ಉದುರಲಿ ಎಂದು ರೈತರು ಹುರುಳಿಯನ್ನೂ ರಾಗಿ ತೆನೆಯನ್ನೂ ಡಾಂಬರಿನ ಮೇಲೆ ಹರಡಿರುತ್ತಾರೆ. ಬೈಕಿನವರು ಜಾರಿ ಬೀಳುತ್ತಾರೆ, ಊರೂರಿಗೂ ಕಣ ಮಾಡಿಕೊಟ್ಟರೆ ಒಳ್ಳೆಯದು, ಆ ವಿಷಯಕ್ಕೆ ಬೇರೆ ಪತ್ರವೇ ಬೇಕು. ಮಾಗಡಿಯ ಗೆಳತಿ ಹಿತ್ತಲಿನ ಮೊದಲ ಅವರೆಕಾಯಿ ಬಿಡಿಸಿ, ನೆನೆಹಾಕಿ ಹಿದುಕಿ, ಹಿದುಕಬೇಳೆ ಸಾರು ಮಾಡಿದ್ದಳು, ಜೊತೆಗೆ ಮುದ್ದೆ. ನಮ್ಮ ಧಾರವಾಡದವಳು ಕುಂಬಳಕಾಯಿ ಗಾರಿಗೆ ತಂದಿದ್ದಳು. ಸಿಹಿಗುಂಬಳ ತುರಿದು ಬೆಲ್ಲದಲ್ಲಿ ಬೇಯಿಸಿ, ಆರಿಸಿ, ಅದು ಹಿಡಿದಷ್ಟೇ ಗೋಧಿಹಿಟ್ಟು ಕಲಸಿ, ಮೇಲೆ ಗಸಗಸೆ ಒತ್ತಿ ಕರಿಯಬೇಕು. ನೀರು ಸೋಕಿಸಿದರೆ ಕೆಟ್ಟಿತು ಎನ್ನುತ್ತಾಳೆ. ಉಡುಪಿಯವಳದು ಹಾಲುಬಾಯಿ. ಫ್ರೇಜರ್ ಟೌನಿನವಳು ಕ್ರಿಸ್‌ಮಸ್ ಕೇಕಿಗೆಂದು ನೆನೆಹಾಕಿದ್ದ ಒಣಹಣ್ಣಿನಲ್ಲಿ ನಮಗಾಗಿ ಒಂದಷ್ಟು ತೆಗೆದು ಸಣ್ಣ ಕೇಕು ಮಾಡಿ ತಂದಿದ್ದಳು. ನನ್ನದು ಕಡಲೆಕಾಯಿ ಹೋಳಿಗೆ.

ಊಟವಾಗುವಾಗ ಮಾಗಡಿಯವಳು ಫ್ರೇಜರ್ ಟೌನಿನವಳ ಕಡೆ ತಿರುಗಿ, "ನನ್ನ ಮಗನಿಗೆ ಟೈಫಾಯಿಡ್ ಆದಾಗ ಕ್ರಿಸ್‌ಮಸ್ ಹಿಂದಿನ ರಾತ್ರಿ ನನ್ನ ಪಾಳಿಗೆ ನೀನು ಕೂತೆ ಕಣೇ. ನಿಮ್ಮನೆಯವರೆಲ್ಲ ಚರ್ಚಿಗೆ ಹೋಗಿದ್ದರು. ನಾನು ನಿನಗೆ ಏನೂ ಹೇಳಲೇ ಇಲ್ಲ," ಎಂದಳು. ಅವಳು, "ಅದನ್ನ ಇನ್ನೂ ಇಟ್ಟುಕೊಂಡಿದ್ದೀಯಲ್ಲೇ," ಎಂದವಳೇ ಸೆರಗಿನಿಂದ ಕಣ್ಣು ಒರೆಸಿಕೊಂಡಳು. ಆ ಮಗ ಈಗ ನಲವತ್ತು ದಾಟಿದವನು, ಪಕ್ಕದಲ್ಲೇ ನಿಂತು ಸಾರು ಬಡಿಸುತ್ತಿದ್ದ. ತನ್ನ ಕಾಯಿಲೆಯ ರಾತ್ರಿ ತನ್ನ ತಾಯಿಯ ಬದಲು ಯಾರು ಎಚ್ಚರವಿದ್ದರು ಎಂಬುದು ಅವನಿಗೆ ತಿಳಿದದ್ದು ಅವತ್ತು.

ಪತ್ರ ಬರೆದ ಹಿರಿಯರು ನಮ್ಮ ಹಬ್ಬಗಳು ಸಾಲದೆ ಎಂದು ಕೇಳಿದ್ದಾರೆ. ನಮ್ಮಲ್ಲಿ ಋಣ ನೆನೆಯುವ ಹಬ್ಬಗಳಿಗೆ ಕೊರತೆಯಿಲ್ಲ. ಮಲೆನಾಡಿನವರು ಭೂಮಿ ಹುಣ್ಣಿಮೆಯ ದಿನ ಬುಟ್ಟಿಗೆ ಚಿತ್ತಾರ ಬರೆದು, ಬಸುರಿ ಭೂಮಿಗೆ ಅಡುಗೆ ಹೊತ್ತು ಹೋಗುತ್ತಾರೆ. ಉತ್ತರ ಕರ್ನಾಟಕದವರು ಎಳ್ಳ ಅಮಾವಾಸ್ಯೆಗೆ ಗಾಡಿ ಕಟ್ಟಿಕೊಂಡು ಹೊಲಕ್ಕೆ ಹೋಗಿ, ಅಡುಗೆಯನ್ನು ಬೆಳೆಗೆ ಚರಗವೆಂದು ಚೆಲ್ಲಿ, ಗೆಳೆಯರು ನೆರೆಯವರನ್ನೆಲ್ಲ ಕೂರಿಸಿಕೊಂಡು ಉಣ್ಣುತ್ತಾರೆ. ನಮ್ಮ ಬಸವನಗುಡಿಯಲ್ಲಿ ಕಾರ್ತಿಕದ ಕಡೆಯ ಸೋಮವಾರ ಕಡಲೆಕಾಯಿ ಪರಿಷೆ. ಹಿಂದೆ ಸುಂಕೇನಹಳ್ಳಿಯ ರೈತರು ಮೊದಲ ಫಸಲನ್ನು ಬಸವಣ್ಣನಿಗೆ ಒಪ್ಪಿಸುತ್ತೇವೆಂದು ಹರಕೆ ಹೊತ್ತರು ಎನ್ನುತ್ತಾರೆ. ಆ ಕಡಲೆಕಾಯಿಯ ಮೂಲ ದಕ್ಷಿಣ ಅಮೆರಿಕ. ಗಾರಿಗೆಯ ಸಿಹಿಗುಂಬಳವೂ ಅಮೆರಿಕ ಖಂಡದಿಂದಲೇ ಬಂದದ್ದು. ಸಮುದ್ರ ದಾಟಿ ಬಂದ ಬೆಳೆಯನ್ನು ನಮ್ಮ ರೈತ ನೆಲಕ್ಕೆ ಒಗ್ಗಿಸಿಕೊಂಡು ದೇವರ ಮುಂದಿಟ್ಟ, ದೇವರೂ ಒಪ್ಪಿಕೊಂಡ. 2024ರಲ್ಲಿ ಪರಿಷೆ ನವೆಂಬರ್ 25ರ ಸೋಮವಾರ ಬಂತು, ಥ್ಯಾಂಕ್ಸ್‌ಗಿವಿಂಗ್ 28ರ ಗುರುವಾರ. ಸೋಮವಾರ ಬುಲ್ ಟೆಂಪಲ್ ರಸ್ತೆಯಲ್ಲಿ ಸೇರಿನಲ್ಲಿ ಅಳೆಸಿಕೊಂಡು ತಂದ ಕಾಯಿಯೇ ಗುರುವಾರ ನನ್ನ ಹೋಳಿಗೆಯ ಹೂರಣವಾಯಿತು.

ಒಂದು ಮಾತ್ರ ನಿಜ. ನಾವು ಭೂಮಿಗೆ, ಬಸವನಿಗೆ, ಆಯುಧಕ್ಕೆ ಕೈಮುಗಿಯುತ್ತೇವೆ. ಆಯುಧಪೂಜೆಯ ದಿನ ಬಸ್ಸಿಗೆ ಬಾಳೆಕಂದು ಕಟ್ಟಿ ಹೂವು ಹಾಕುತ್ತೇವೆ. ಅದನ್ನು ಓಡಿಸಿ ನಮ್ಮನ್ನು ಕ್ಷೇಮವಾಗಿ ಇಳಿಸುವವರಿಗೆ ಎಂದಾದರೂ ಒಂದು ಮಾತು ಹೇಳಿದ್ದೇವೆಯೆ? ಗೆಳೆತನಕ್ಕೆಂದು ನಮ್ಮ ಪಂಚಾಂಗದಲ್ಲಿ ಯಾವ ತಿಥಿ ಇದೆ? ಆ ಜಾಗ ಖಾಲಿ ಇದೆ. ಅಲ್ಲಿ ಈ ಗುರುವಾರ ಬಂದು ಕೂತರೆ ನಮ್ಮ ಯಾವ ಹಬ್ಬಕ್ಕೂ ಜಾಗ ಕಡಿಮೆಯಾಗುವುದಿಲ್ಲ.

ತಾರಸಿಯ ಊಟವನ್ನೂ ನಾನು ನೋಡಿದ್ದೇನೆ. ನಮ್ಮ ಮೇಲಿನ ಮನೆಯಲ್ಲಿ ಕೆಲಸಕ್ಕೆ ಹೋಗುವ ಹುಡುಗಿಯರು ಬಾಡಿಗೆಗಿದ್ದಾರೆ, ರಾಯಚೂರು, ಬೀದರ್, ಶಿರಸಿ ಕಡೆಯವರು. ಅಮೆರಿಕದ ಕಂಪನಿಗಳ ಕೆಲಸ ಮಾಡುವವರಿಗೆ ಆ ಎರಡು ದಿನ ಅಲ್ಲಿಯವರು ರಜೆಯಲ್ಲಿರುವುದರಿಂದ ರಾತ್ರಿಯ ಮೀಟಿಂಗು ಇರುವುದಿಲ್ಲ. ದೀಪಾವಳಿಗೆ ಊರಿಗೆ ಹೋಗಿ ಬಂದ ಮೇಲೆ ಮತ್ತೆ ರಜೆಯೂ ಇಲ್ಲ. ಅದಕ್ಕೇ ಅವತ್ತು ತಾರಸಿಯಲ್ಲಿ ಸೇರುತ್ತಾರೆ. ಪಿ.ಜಿ.ಗಳಲ್ಲಿರುವ ಗೆಳತಿಯರು ಮಾರತ್ತಹಳ್ಳಿ, ಬಿ.ಟಿ.ಎಂ. ಲೇಔಟಿನಿಂದ ಎರಡು ಬಸ್ಸು ಬದಲಾಯಿಸಿ ಬರುತ್ತಾರೆ. ಇಂಡಕ್ಷನ್ ಒಲೆಯ ಮೇಲೆ ಒಬ್ಬಳು ಕ್ಯಾರೆಟ್ ಹಲ್ವ ಕೈಯಾಡಿಸುತ್ತಿದ್ದಳು. ಶಿರಸಿಯವಳ ಅಮ್ಮ ಕಳಿಸಿದ್ದ ತೊಡೆದೇವು ಇತ್ತು. ಗಲಾಟೆ ಇರಲಿಲ್ಲ, ಟರ್ಕಿ ಕೋಳಿಯೂ ಇರಲಿಲ್ಲ. ಡೆಂಗಿ ಜ್ವರದಲ್ಲಿ ಪ್ಲೇಟ್‌ಲೆಟ್ ಇಳಿದು ಮಲಗಿದ್ದಾಗ ಆಸ್ಪತ್ರೆಯ ಬೆಂಚಿನ ಮೇಲೆ ರಾತ್ರಿ ಕಳೆದ ಗೆಳತಿಗೆ ಬೀದರಿನ ಹುಡುಗಿ ಅವತ್ತು ಧನ್ಯವಾದ ಹೇಳಿದಳು. ತಂದೆತಾಯಿ ಬರುವುದರೊಳಗೆ ಈ ಊರಿನಲ್ಲಿ ಆ ಮಕ್ಕಳಿಗೆ ಇರುವವರು ಗೆಳತಿಯರೇ. ಇವರನ್ನು ಬೈಯಬೇಡಿ ಎಂದು ಆ ಹಿರಿಯರಲ್ಲಿ ಕೈಮುಗಿದು ಕೇಳುತ್ತೇನೆ. ಸಾಧ್ಯವಾದರೆ ಈ ಸಲ ತಾರಸಿ ಹತ್ತಿ ಹೋಗಿ, ಮನೆಯಲ್ಲಿ ಮಾಡಿದ್ದು ಏನಾದರೂ ತೆಗೆದುಕೊಂಡು ಹೋಗಿ.

ಸಂಪಾದಕರಲ್ಲಿಯೂ ಒಂದು ಕೋರಿಕೆ. ಶುಕ್ರವಾರದ ಮಾರಾಟಕ್ಕೆ ಪತ್ರಿಕೆಗಳು ಜಾಹೀರಾತಿನ ಜಾಗ ಕೊಡುತ್ತವೆ, ಅದು ನಿಮ್ಮ ಹೊಟ್ಟೆಪಾಡು, ಬೇಡವೆನ್ನಲಾರೆ. ಅದರ ಹಿಂದಿನ ಗುರುವಾರ ಒಳಪುಟದಲ್ಲಿ ಅರ್ಧ ಅಂಕಣ ಓದುಗರಿಗೆ ಬಿಟ್ಟುಕೊಡಿ. ತಮಗೆ ಒದಗಿಬಂದ ಒಬ್ಬರ ಬಗ್ಗೆ ನಾಲ್ಕೇ ಸಾಲು ಬರೆಯಲಿ, ಹಾಡಿ ಹೊಗಳುವುದು ಬೇಡ, ಏನು ಮಾಡಿದರು ಎಂಬುದಷ್ಟೇ ಸಾಕು. ಜಾಗ ಕೊಡುವುದಾದರೆ ನವೆಂಬರ್ ಮೊದಲ ವಾರದಲ್ಲೇ ಪ್ರಕಟಣೆ ಹಾಕಿ. ನಮ್ಮ ಗೆಳತಿಯರಲ್ಲಿ ಕೆಲವರು ಇನ್ನೂ ಅಂಚೆಯಲ್ಲೇ ಕಳಿಸುತ್ತಾರೆ, ತಲುಪಲು ಸಮಯ ಬೇಕು.

ಇತಿ ನಮಸ್ಕಾರಗಳೊಂದಿಗೆ,
ನಿವೃತ್ತ ಟೆಲಿಫೋನ್ ಆಪರೇಟರ್
ಹನುಮಂತನಗರ, ಬೆಂಗಳೂರು