ಪ್ರೈಮರಿ ರಾತ್ರಿ ಗೆಲುವು ಸಾರುವವರು ಯಾರು?

ಮಾನ್ಯರೇ,

ಅಮೆರಿಕದ ಪ್ರೈಮರಿ ಚುನಾವಣೆಗಳ, ಅಂದರೆ ಅಂತಿಮ ಚುನಾವಣೆಗೆ ಅಭ್ಯರ್ಥಿಗಳನ್ನು ಆರಿಸುವ ಮತದಾನದ ಸುದ್ದಿಯಲ್ಲಿ ‘ಇಂಥವರಿಗೆ ಗೆಲುವು’ ಎಂದು ಬರುತ್ತದೆ. ಗೆಲುವೆಂದು ಸಾರಿದವರು ಯಾರೆಂಬುದು ಬರುವುದಿಲ್ಲ. ಇದು ದೊಡ್ಡ ಲೋಪ. ಇಡೀ ದೇಶದ ಫಲಿತಾಂಶವನ್ನು ಅಂದೇ ಪ್ರಕಟಿಸಲು ಅಲ್ಲಿ ನಮ್ಮ ಚುನಾವಣಾ ಆಯೋಗದಂಥ ಸಂಸ್ಥೆಯಿಲ್ಲ. ಎಣಿಸುವವರು ಬಹುಪಾಲು ಕೌಂಟಿ (ನಮ್ಮ ಜಿಲ್ಲೆಯಂಥ ಘಟಕ) ಅಧಿಕಾರಿಗಳು. ರಾಜ್ಯದ ಅಧಿಕೃತ ಮುದ್ರೆ ಬೀಳುವುದು ದಿನಗಳೋ ವಾರಗಳೋ ಕಳೆದ ಮೇಲೆ. ಆ ರಾತ್ರಿಯ ಘೋಷಣೆ ಅಸೋಸಿಯೇಟೆಡ್ ಪ್ರೆಸ್ ಸುದ್ದಿಸಂಸ್ಥೆ, ಅಂದರೆ ಎಪಿ, ಇಲ್ಲವೇ ಟಿ.ವಿ. ಜಾಲಗಳದ್ದು.

1848ರಿಂದ ಈ ಕೆಲಸ ಮಾಡುತ್ತಿರುವ ಎಪಿ, ಎಣಿಕೆಯಲ್ಲಿ ಹಿಂದಿರುವವರಿಗೆ ಮುಂದೆ ಬರುವ ದಾರಿಯೇ ಇಲ್ಲವೆಂದು ಖಚಿತವಾದಾಗ ಮಾತ್ರ ಗೆದ್ದವರ ಹೆಸರು ಹೇಳುತ್ತದೆ. ಪ್ರೈಮರಿಗಳಲ್ಲಿ ರಾಜ್ಯದ ಕೊನೆಯ ಮತಗಟ್ಟೆ ಮುಚ್ಚುವ ಹೊತ್ತಿಗೆ ಮೊದಲು ಹೇಳುವುದಿಲ್ಲ. ಮಿಷಿಗನ್‌ನ ಹೆಚ್ಚಿನ ಕಡೆ ರಾತ್ರಿ 8ಕ್ಕೆ ಮತದಾನ ಮುಗಿದರೂ, ವಿಸ್ಕಾನ್ಸಿನ್ ಗಡಿಯ ನಾಲ್ಕು ಕೌಂಟಿಗಳ ಗಡಿಯಾರ ಒಂದು ಗಂಟೆ ಹಿಂದಿದೆ. ಹಾಗಾಗಿ 9ರವರೆಗೆ ಕಾಯಬೇಕು. ನಮ್ಮಲ್ಲಿ ಆಗ ಮರುದಿನ ಬೆಳಗಿನ 7.30, ಅಲ್ಲಿ ಗಂಟೆಯೊಂದು ಮುಂದಿಡುವ ಬೇಸಿಗೆಯ ಗಡಿಯಾರ ಜಾರಿಯಲ್ಲಿದ್ದರೆ 6.30.

‘ಶೇ 60ರಷ್ಟು ಎಣಿಕೆ’ ಎಂಬ ಅಂಕಿಯನ್ನು ನಮ್ಮ ಮತಯಂತ್ರಗಳ ಸುತ್ತುಗಳಂತೆ ಓದಬಾರದು. ನಮ್ಮಲ್ಲಿ ಎಷ್ಟು ಮತ ಬಿದ್ದಿದೆಯೆಂಬುದು ಎಣಿಕೆಗೆ ಮೊದಲೇ ಗೊತ್ತು. ಅಲ್ಲಿ ಒಟ್ಟು ಸಂಖ್ಯೆಯೇ ಅಂದಾಜು, ರಾತ್ರಿಯಿಡೀ ಬದಲಾಗುತ್ತದೆ. ಎಣಿಕೆ ನಡೆದೂ ಶೇಕಡಾವಾರು ಇಳಿದರೆ ಗಾಬರಿ ಬೇಡ: ನಿರೀಕ್ಷೆಗಿಂತ ಹೆಚ್ಚು ಜನ ಮತ ಹಾಕಿದ್ದಾರೆ ಎಂದಷ್ಟೇ ಅದರ ಅರ್ಥ.

ಅದಕ್ಕಿಂತ ಮುಖ್ಯವಾದದ್ದು, ಯಾವ ಮತ ಮೊದಲು ಹೊರಬರುತ್ತದೆ ಎಂಬುದು. 2020ರ ಮಾರ್ಚ್ 3ರ ಸೂಪರ್ ಟ್ಯೂಸ್‌ಡೇಗೆ (ಹಲವು ರಾಜ್ಯಗಳು ಒಟ್ಟಿಗೆ ಮತ ಹಾಕುವ ಮಂಗಳವಾರ) ಒಂದೆರಡು ದಿನ ಮೊದಲು, ಡೆಮಾಕ್ರಟಿಕ್ ಪಕ್ಷದ ಅಧ್ಯಕ್ಷೀಯ ಅಭ್ಯರ್ಥಿಯಾಗಲು ಸ್ಪರ್ಧಿಸಿದ್ದ ಬುಟಿಜಿಜ್ ಮತ್ತು ಕ್ಲೋಬುಚರ್ ಕಣದಿಂದ ಹಿಂದೆ ಸರಿದರು. ಆದರೂ ಅವರಿಗೆ ಆಗಲೇ ಬಿದ್ದಿದ್ದ ಮುಂಗಡ ಮತಗಳು ಎಣಿಕೆಯಲ್ಲಿ ಉಳಿದವು. ಟೆಕ್ಸಸ್‌ನಲ್ಲಿ ಮುಂಗಡ ಮತಗಳಿಂದ ಕಣದಲ್ಲುಳಿದಿದ್ದ ಸ್ಯಾಂಡರ್ಸ್ ಮುಂದಿದ್ದರು. ಅಂದಿನ ದಿನದ ಮತ ಬಂದಂತೆ ಬೈಡನ್ ಮೇಲೆದ್ದು ಗೆದ್ದರು. ಮೊದಲ ಗಂಟೆಯ ಮುನ್ನಡೆಯನ್ನೇ ಶೀರ್ಷಿಕೆ ಮಾಡಿದರೆ ಓದುಗರಿಗೆ ತಪ್ಪು ಚಿತ್ರ ಕೊಟ್ಟಂತೆ.

ಗೆಲುವಿನ ಅರ್ಥವೂ ರಾಜ್ಯದಿಂದ ರಾಜ್ಯಕ್ಕೆ ಬೇರೆ. ಟೆಕ್ಸಸ್‌ನ ಶಾಸನಸಭಾ ಪ್ರೈಮರಿಗಳಲ್ಲಿ ಯಾರಿಗೂ ಅರ್ಧಕ್ಕಿಂತ ಹೆಚ್ಚು ಮತ ಬಾರದಿದ್ದರೆ ಮೊದಲ ಇಬ್ಬರ ನಡುವೆ ಮತ್ತೊಂದು ಸುತ್ತು. ಡೆಮಾಕ್ರಟಿಕ್ ಅಧ್ಯಕ್ಷೀಯ ಪ್ರೈಮರಿಯಲ್ಲಿ ಶೇ 15 ಮುಟ್ಟದವರಿಗೆ ಪ್ರತಿನಿಧಿಗಳೇ (ಪಕ್ಷದ ಸಮಾವೇಶದಲ್ಲಿ ಅಭ್ಯರ್ಥಿಯನ್ನು ಆರಿಸುವವರು) ಸಿಗುವುದಿಲ್ಲ. ಈ ಲೆಕ್ಕ ಇಡೀ ರಾಜ್ಯಕ್ಕೊಂದು, ಸಾಮಾನ್ಯವಾಗಿ ಪ್ರತಿ ಕಾಂಗ್ರೆಸ್ (ಅಮೆರಿಕದ ಸಂಸತ್ತು) ಕ್ಷೇತ್ರಕ್ಕೊಂದು. ಕ್ಯಾಲಿಫೋರ್ನಿಯಾದಲ್ಲಿ ಕಾಂಗ್ರೆಸ್ ಸ್ಥಾನಗಳಿಗೆ ಪಕ್ಷ ಯಾವುದಾದರೂ ಮೊದಲ ಇಬ್ಬರು ಅಂತಿಮ ಚುನಾವಣೆಗೆ, ಹಾಗಾಗಿ ಎರಡನೇ ಸ್ಥಾನಕ್ಕೇ ನಿಜವಾದ ಜಗಳ. 2024ರ ಮಾರ್ಚ್‌ನಲ್ಲಿ ಅಲ್ಲಿನ 16ನೇ ಕ್ಷೇತ್ರದಲ್ಲಿ ಆ ಸ್ಥಾನಕ್ಕೆ ಇವಾನ್ ಲೋ ಮತ್ತು ಜೋ ಸಿಮಿಟಿಯನ್ ತಲಾ 30,249 ಮತ ಪಡೆದು ಸಮಬಲ ಸಾಧಿಸಿದರು. ಮರು ಎಣಿಕೆಯಲ್ಲಿ ಲೋ ಐದೇ ಮತಗಳಿಂದ ಮುಂದೆ ಬಂದರು. 2012ರ ಅಯೋವಾ ರಾಜ್ಯದ ರಿಪಬ್ಲಿಕನ್ ಕಾಕಸ್‌ನಲ್ಲಿ (ಪಕ್ಷವೇ ಸಭೆಗಳಲ್ಲಿ ನಡೆಸುವ ಆಯ್ಕೆ) ರಾಮ್ನಿ ಎಂಟು ಮತಗಳಿಂದ ಮುಂದೆ ಎಂದು ಅಂದು ರಾತ್ರಿ ಪ್ರಕಟವಾಗಿತ್ತು. ಎರಡು ವಾರ ಕಳೆದಾಗ ಸ್ಯಾಂಟೋರಮ್ 34 ಮತ ಮುಂದಿದ್ದರು.

ಆದ್ದರಿಂದ ವಿದೇಶ ಪುಟದ ಸಂಪಾದಕರಲ್ಲಿ ಒಂದು ಕೋರಿಕೆ. ‘ಗೆಲುವು’ ಎಂದು ಅಚ್ಚು ಹಾಕುವಾಗ ಯಾರು ಘೋಷಿಸಿದರು, ಭಾರತೀಯ ಕಾಲಮಾನದಲ್ಲಿ ಎಷ್ಟು ಗಂಟೆಗೆ, ಆಗ ಎಣಿಕೆಗೆ ಇನ್ನೆಷ್ಟು ಮತ ಬಾಕಿಯಿತ್ತು ಎಂಬುದನ್ನು ಒಂದು ಸಾಲಿನಲ್ಲಿ ಸೇರಿಸಿ. ಎಪಿ ಇನ್ನೂ ಹೆಸರು ಹೇಳದಿದ್ದರೆ ‘ಮುನ್ನಡೆ’ ಎಂದಷ್ಟೇ ಬರೆಯಿರಿ.

— ಓದುಗರು