ಒ-ರಿಂಗನ್ ಮುಗಿಸಿದ ಮೇಲೆ ಸಲ್ಲಿಸಬೇಕಾದ ಕೃತಜ್ಞತೆ

ಸ್ವೀಡನ್ನಿನ ಒ-ರಿಂಗನ್ ಓರಿಯೆಂಟಿಯರಿಂಗ್ (ನಕಾಶೆ ನೋಡಿ ಕಾಡಿನಲ್ಲಿ ದಾರಿ ಕಂಡುಕೊಂಡು ಓಡುವ ಆಟ) ಸ್ಪರ್ಧೆಯ ಐದೂ ಹಂತಗಳನ್ನು ನಾನು ಪೂರ್ಣಗೊಳಿಸಿದ ಸುದ್ದಿ ತಿಳಿದು ಊರಿನಿಂದಲೂ ಇಲ್ಲಿನ ಕನ್ನಡದ ಗೆಳೆಯರಿಂದಲೂ ಅಭಿನಂದನೆಗಳು ಬಂದಿವೆ. ಅವನ್ನು ಸಂತೋಷದಿಂದ ಸ್ವೀಕರಿಸುತ್ತಲೇ, ಅದರಲ್ಲಿ ಪಾಲು ಸಲ್ಲಬೇಕಾದವರನ್ನು ಹೆಸರು ಹೇಳದೆಯಾದರೂ ನೆನೆಯುವುದು ನನ್ನ ಕರ್ತವ್ಯವೆಂದು ಭಾವಿಸಿ ಇದನ್ನು ಬರೆಯುತ್ತಿದ್ದೇನೆ.

1965ರಲ್ಲಿ ಆರಂಭವಾದ ಈ ಸ್ಪರ್ಧೆ ಜುಲೈ ತಿಂಗಳಿನಲ್ಲಿ, ವರ್ಷಕ್ಕೊಂದು ಪ್ರದೇಶದಲ್ಲಿ ನಡೆಯುತ್ತದೆ. ಮಕ್ಕಳಿಂದ ವೃದ್ಧರವರೆಗೆ ಸಾವಿರಾರು ಜನ ಓಡುತ್ತಾರೆ. ಕೈಯಲ್ಲಿ ನಕಾಶೆ ಮತ್ತು ದಿಕ್ಸೂಚಿ ಮಾತ್ರ ಇರುತ್ತವೆ. ಕಾಡಿನೊಳಗೆ ಕಿತ್ತಳೆ-ಬಿಳಿ ಬಣ್ಣದ ಗುರುತುಗಳಿರುವ, ಕಂಟ್ರೋಲು ಎಂದು ಕರೆಯುವ ನಿಗದಿತ ತಾಣಗಳನ್ನು ಕ್ರಮ ತಪ್ಪದೆ ಮುಟ್ಟಿ ಬರಬೇಕು. ಒಂದರಿಂದ ಇನ್ನೊಂದಕ್ಕೆ ಹೋಗುವ ದಾರಿಯನ್ನು ಓಟಗಾರನೇ ನಿರ್ಧರಿಸಬೇಕು.

ಮೊದಲ ನಮಸ್ಕಾರ ನಕಾಶೆ ತಯಾರಿಸಿದವರಿಗೆ. ಹಿಮನದಿಗಳು ಬಿಟ್ಟುಹೋದ ಬಂಡೆಗಳು, ಅವುಗಳ ಮೇಲೆ ಹಬ್ಬಿದ ಪಾಚಿ, ನಡುನಡುವೆ ಕಾಲು ಹೂತುಹೋಗುವ ಜೌಗು, ಇವೆಲ್ಲ ತುಂಬಿದ ಅಲ್ಲಿನ ನೆಲವನ್ನು ಅವರು ಒಂದು ಸೆಂಟಿಮೀಟರಿಗೆ ನೂರು ಮೀಟರಿನ ಲೆಕ್ಕದಲ್ಲಿ ಕಾಗದಕ್ಕಿಳಿಸುತ್ತಾರೆ. ಇಂದು ವಿಮಾನದಿಂದ ಲೇಸರ್ ಹಾಯಿಸಿ ನೆಲದ ಏರಿಳಿತವನ್ನು ಅಳೆಯಬಹುದು; ಆದರೆ ಯಾವ ಬಂಡೆ ಓಟಗಾರನ ಕಣ್ಣಿಗೆ ಬೀಳುತ್ತದೆ, ಯಾವ ಪೊದೆ ಅವನನ್ನು ತಡೆಯುತ್ತದೆ ಎಂಬುದನ್ನು ತೀರ್ಮಾನಿಸಲು ಮನುಷ್ಯ ಕಾಡಿನ ಮೂಲೆಮೂಲೆಯನ್ನೂ ನಡೆದೇ ನೋಡಬೇಕು. ನಕಾಶೆಯಲ್ಲಿ ಬಿಳಿಯಾಗಿ ಕಾಣುವುದು ಬಯಲಲ್ಲ, ಸರಾಗವಾಗಿ ಓಡಬಹುದಾದ ಕಾಡು. ಹಸಿರು ಗಾಢವಾದಷ್ಟೂ ನುಗ್ಗುವುದು ಕಷ್ಟ. ದಣಿದಿದ್ದಾಗ ಈ ಬಣ್ಣಗಳನ್ನು ಸಂಪೂರ್ಣವಾಗಿ ನಂಬಲು ಸಾಧ್ಯವಾಯಿತೆಂಬುದೇ ಆ ಅಜ್ಞಾತ ಶ್ರಮಕ್ಕೆ ನಾನು ಕೊಡಬಲ್ಲ ಸಾಕ್ಷಿ.

ದಣಿವಿನ ಬಗ್ಗೆ ಸ್ವಲ್ಪ ವಿವರವಾಗಿ ಹೇಳಬೇಕು. ಕೊನೆಯ ಹಂತದ ಹೊತ್ತಿಗೆ ತೊಡೆಗಳು ಬಿಗಿದುಕೊಂಡಿದ್ದವು, ಕಣಕಾಲುಗಳು ಊದಿಕೊಂಡಿದ್ದವು. ಆದರೂ ಕಾಲುಗಳಿಗಿಂತ ಮೊದಲು ಸೋಲುವುದು ಗಮನ. ನಕಾಶೆಯಲ್ಲಿ ನೆಲದ ಎತ್ತರವನ್ನು ತೋರಿಸುವ ರೇಖೆಗಳು ಕಣ್ಣಿಗೆ ಕಂಡರೂ ಅವು ಗುಡ್ಡವೋ ಕಣಿವೆಯೋ ಎಂಬುದು ಕೂಡಲೇ ಹೊಳೆಯುವುದಿಲ್ಲ. ಅಂತಿಮ ದಿನ ಹಿಂದಿನ ಹಂತಗಳ ಒಟ್ಟು ಸಮಯದ ಅಂತರದಲ್ಲಿಯೇ ಓಟಗಾರರನ್ನು ಬಿಡುವ ಪದ್ಧತಿಯಿರುವುದರಿಂದ ಮುಂದಿನವರ ಬೆನ್ನು ಕಾಣುತ್ತಿರುತ್ತದೆ, ಯೋಚಿಸದೆ ಅವರ ಹಿಂದೆ ಹೋಗಿಬಿಡೋಣವೆಂಬ ಆಸೆ ಬಲವಾಗುತ್ತದೆ. ಆಗ ನನ್ನನ್ನು ಕಾಪಾಡಿದ್ದು ನಮ್ಮ ಕ್ಲಬ್ಬಿನ ಹಿರಿಯರೊಬ್ಬರ ಪಾಠ. ಚಳಿಗಾಲದ ಸಂಜೆಗಳಲ್ಲಿ, ಹಣೆಗೆ ದೀಪ ಕಟ್ಟಿಕೊಂಡು, ನಾನಿರುವ ಜಾಗದ ಮೇಲೆ ಹೆಬ್ಬೆರಳಿಟ್ಟೇ ನಕಾಶೆ ಹಿಡಿಯಬೇಕೆಂದು, ಕಂಟ್ರೋಲಿಗೆ ನೇರವಾಗಿ ನುಗ್ಗದೆ ಅದರ ಸಮೀಪದ ದೊಡ್ಡ ಗುರುತೊಂದನ್ನು ಮೊದಲು ಸೇರಿ ಅಲ್ಲಿಂದ ನಿಧಾನಿಸಬೇಕೆಂದು ಅವರು ತಾಳ್ಮೆಯಿಂದ ಕಲಿಸಿದ್ದರು. ಕೊನೆಯ ದಿನದ ಅತ್ಯಂತ ಉದ್ದದ ಹಾದಿಯಲ್ಲಿ, ಗುಂಪೊಂದು ಬಲಕ್ಕೆ ತಿರುಗಿದಾಗ ನಾನು ಜೌಗಿನ ಅಂಚು ಹಿಡಿದು ಅದರ ತುದಿಯವರೆಗೆ ಹೋಗಿ, ಅಲ್ಲಿ ಉಸಿರು ಸುಧಾರಿಸಿಕೊಂಡು, ದಿಕ್ಸೂಚಿ ನೋಡಿ ಒಳಹೊಕ್ಕೆ. ಬಂಡೆಯ ಪಕ್ಕದಲ್ಲಿದ್ದ ಕಂಟ್ರೋಲಿನ ಸಂಖ್ಯೆ ನಾನು ಹುಡುಕುತ್ತಿದ್ದದ್ದೇ ಆಗಿತ್ತು. ಆ ಹಿರಿಯರಿಗೆ ನಾನು ಆಜೀವ ಋಣಿ.

ನಸುಕಿನಲ್ಲಿಯೇ ಕಾಡಿಗೆ ಹೋಗಿ ಕಂಟ್ರೋಲುಗಳನ್ನು ಪರೀಕ್ಷಿಸಿದವರು, ನೀರಿನ ಲೋಟ ಹಿಡಿದು ನಿಂತ ಶಾಲಾ ಮಕ್ಕಳು, ಸಾವಿರಾರು ಹೆಜ್ಜೆಗಳು ತಮ್ಮ ನೆಲವನ್ನು ತುಳಿಯಲು ಒಪ್ಪಿದ ಅರಣ್ಯದ ಒಡೆಯರು, ಇವರೆಲ್ಲರಿಗೂ ವಂದನೆಗಳು. ಯಾರ ಕಾಡಿನಲ್ಲಾದರೂ ಸಾರ್ವಜನಿಕರು ಹಾನಿ ಮಾಡದೆ ನಡೆದಾಡಬಹುದೆಂಬ ಹಕ್ಕು ಸ್ವೀಡನ್ನಿನಲ್ಲಿದೆಯಾದರೂ, ಇಷ್ಟು ದೊಡ್ಡ ಕೂಟಕ್ಕೆ ಒಡೆಯರ ಸಹಕಾರವಿಲ್ಲದೆ ಆಗದು.

ಮಲೆನಾಡಿನಲ್ಲಿರುವ ನನ್ನ ತಾಯಿಗೆ ಕಾಡಿನ ಉಣ್ಣಿಯೆಂದರೆ ಮಂಗನ ಕಾಯಿಲೆಯ ನೆನಪು. ಇಲ್ಲಿಯೂ ಉಣ್ಣಿಗಳು ಮಿದುಳಿನ ಉರಿಯೂತವನ್ನು ಹರಡುತ್ತವೆಂದು ತಿಳಿದಾಗ ಅವರ ಆತಂಕ ಹೆಚ್ಚಿತ್ತು. ನಾನು ಲಸಿಕೆ ಹಾಕಿಸಿಕೊಂಡದ್ದು ಅವರ ಒತ್ತಾಯದಿಂದ. ಪ್ರತಿದಿನ ಸಂಜೆ ಡೇರೆಯ ಮುಂದೆ ನನ್ನ ಕಾಲುಗಳನ್ನು ಪರೀಕ್ಷಿಸಿ, ಮರುದಿನಕ್ಕೆ ಅನ್ನ-ಸಾರು ಉಣ್ಣಿಸಿ, ಮಕ್ಕಳನ್ನೂ ಅವರ ಪುಟ್ಟ ಓಟಕ್ಕೆ ಕರೆದೊಯ್ದ ನನ್ನ ಸಂಗಾತಿಗೆ ಸಲ್ಲಬೇಕಾದ ಕೃತಜ್ಞತೆ ಇಷ್ಟು ಸಾಲುಗಳಲ್ಲಿ ತೀರುವಂಥದ್ದಲ್ಲ.

ಶರತ್ಕಾಲದಲ್ಲಿ ನಮ್ಮ ಕ್ಲಬ್ಬು ನಡೆಸುವ ಓಟದಲ್ಲಿ ನಾನು ಸ್ಪರ್ಧಿಸುವುದಿಲ್ಲ. ಕಂಟ್ರೋಲುಗಳನ್ನು ಇಡುವ ತಂಡಕ್ಕೆ ಹೆಸರು ಕೊಟ್ಟಿದ್ದೇನೆ.