ರೊಟ್ಟಿ ಮಾರುವ ಹುಡುಗಿ ಮೇಲಿನಿಂದ ಹೇಗೆ ಕಾಣುತ್ತಾಳೆ?

ಸಂಪಾದಕರಿಗೆ ನಮಸ್ಕಾರ.

ಬೀದರಿನಲ್ಲಿ ಬೆಳೆದವರಿಗೆ ವಿಮಾನದ ಸದ್ದು ಹೊಸದಲ್ಲ. ಇಲ್ಲಿನ ವಾಯುಪಡೆ ನೆಲೆಯಲ್ಲಿ ಹಾಕ್ ವಿಮಾನಗಳ ತರಬೇತಿ ನಡೆಯುತ್ತದೆ, ಆಕಾಶದಲ್ಲಿ ಕಸರತ್ತು ತೋರಿಸುವ ಸೂರ್ಯಕಿರಣ ತಂಡವೂ ಇಲ್ಲಿಯದೇ. ಸದ್ದು ಕೇಳಿದರೆ ಮಕ್ಕಳು ಅಂಗಳಕ್ಕೆ ಓಡಿ ಬಂದು ಕೈ ಬೀಸುತ್ತಾರೆ. ಅದೇ ಸದ್ದಿಗೆ ಮಕ್ಕಳನ್ನು ಒಳಗೆ ಎಳೆದುಕೊಳ್ಳುವ ಊರುಗಳೂ ಇವೆ ಅಂತ ನಾನು ನಿಜವಾಗಿ ಯೋಚಿಸಿದ್ದು ಮೊನ್ನೆ ಮನೆಯಲ್ಲಿ 'ಐ ಇನ್ ದ ಸ್ಕೈ' ನೋಡಿದಾಗ. 2015ರ ಸಿನಿಮಾ, ಗ್ಯಾವಿನ್ ಹುಡ್ ನಿರ್ದೇಶನ.

ಕತೆ ಕೀನ್ಯಾದ ನೈರೋಬಿಯದು. ಒಂದು ಮನೆಯೊಳಗೆ ಉಗ್ರರು ಆತ್ಮಹತ್ಯಾ ದಾಳಿಗೆ ಬಾಂಬ್ ಕಟ್ಟಿಕೊಳ್ಳುತ್ತಿದ್ದಾರೆ. ಅದೇ ಗೋಡೆಯ ಪಕ್ಕ ಒಬ್ಬ ಪುಟ್ಟ ಹುಡುಗಿ ಮೇಜು ಹಾಕಿಕೊಂಡು ಅವ್ವ ಸುಟ್ಟ ರೊಟ್ಟಿ ಮಾರಲು ಕೂರುತ್ತಾಳೆ. ಮೇಲೆ ಹಾರುವ ಡ್ರೋನಿನಿಂದ, ಅಂದರೆ ಒಳಗೆ ಪೈಲಟ್ ಇಲ್ಲದ ವಿಮಾನದಿಂದ, ಆ ಮನೆಗೆ ಕ್ಷಿಪಣಿ ಬಿಡಲು ಗುಂಡಿ ಒತ್ತಬೇಕಾದವನು ಅಮೆರಿಕದ ನೆವಾಡಾದಲ್ಲಿ ಕೂತಿದ್ದಾನೆ. ನಮ್ಮವ್ವ ವರ್ಷಗಟ್ಟಲೆ ಜೋಳದ ರೊಟ್ಟಿ ಬಡಿದು ಖಾನಾವಳಿಗೆ ಕೊಟ್ಟವಳು. ಇಂಗ್ಲಿಷ್ ಅವಳಿಗೆ ಬಾರದು, ಕತೆ ಮಾತ್ರ ಪೂರ್ತಿ ತಿಳಿಯಿತು. 'ಏ, ಯಾರಾರ ಹೋಗಿ ಎಲ್ಲಾ ರೊಟ್ಟಿ ಕೊಂಡು ಆ ಪೋರಿನ ಮನಿಗೆ ಕಳಸ್ರೋ' ಅಂದಳು. ಸಿನಿಮಾದಲ್ಲೂ ಒಬ್ಬ ಅದನ್ನೇ ಮಾಡಲು ಹೋಗುತ್ತಾನೆ, ಆಗುವುದಿಲ್ಲ.

ಪಿಯುಸಿ ಓದುವ ಮಗ ಹೇಳಿದ್ದು ಬೇರೆ. 'ಅಪ್ಪಾ, ಒಬ್ಬಳು ಹೋದ್ರೆ ಎಷ್ಟೋ ಮಂದಿ ಉಳಿತಾರಲ್ಲ.' ಅವನನ್ನು ಬೈಯಲು ನನಗೆ ಬಾಯಿ ಬರಲಿಲ್ಲ, ಯಾಕೆಂದರೆ ಒಂದು ಕ್ಷಣ ನನಗೂ ಹಾಗೇ ಅನಿಸಿತ್ತು.

ಆಮೇಲೆ ರಾತ್ರಿ ಮಲಗಿ ಯೋಚಿಸಿದೆ. ಸಿನಿಮಾ ಬಹಳ ಚೆನ್ನಾಗಿದೆ, ಆದರೆ ನಿಜವಾದ ಯುದ್ಧದಲ್ಲಿ ಯಾರಿಗೂ ಸಿಗದ ಒಂದು ಸವಲತ್ತು ಅದು ನಮಗೆ ಕೊಡುತ್ತದೆ. ಹುಳದಷ್ಟು ಸಣ್ಣ ಕ್ಯಾಮೆರಾ ಮನೆಯೊಳಗೆ ಹಾರಿ ಹೋಗಿ ಬಾಂಬನ್ನು ಕಣ್ಣಾರೆ ತೋರಿಸುತ್ತದೆ. ಹುಡುಗಿಯ ಅಪ್ಪ ಅವಳಿಗೆ ಮಾಡಿಕೊಟ್ಟ, ಸೊಂಟಕ್ಕೆ ಹಾಕಿ ತಿರುಗಿಸುವ ಆಟದ ಬಳೆ, ಕದ್ದು ಓದಿಸುವ ಪಾಠ ಎಲ್ಲವೂ ನಮಗೆ ಗೊತ್ತು. ಒಳಗಿರುವವರು ಕೆಟ್ಟವರು, ಹೊರಗಿರುವವಳು ಪಾಪದ ಹುಡುಗಿ, ಈ ಎರಡರಲ್ಲೂ ಅನುಮಾನವೇ ಇಲ್ಲ. ಉಳಿಯುವುದು ಕೊಲ್ಲಬೇಕೋ ಬೇಡವೋ ಅನ್ನುವ ಪ್ರಶ್ನೆ ಮಾತ್ರ.

2021ರ ಆಗಸ್ಟ್ 29ರಂದು ಕಾಬೂಲಿನಲ್ಲಿ ಆಗಿದ್ದನ್ನು ನೋಡಿ. ವಿಮಾನ ನಿಲ್ದಾಣದ ಬಳಿ ಬಾಂಬ್ ಸಿಡಿದು ಮೂರು ದಿನ ಆಗಿತ್ತು, ಎಲ್ಲರೂ ಗಾಬರಿಯಲ್ಲಿದ್ದರು. ಅಮೆರಿಕದವರು ಒಂದು ಬಿಳಿ ಟೊಯೊಟಾ ಕಾರನ್ನು ಸುಮಾರು ಎಂಟು ಗಂಟೆ ಡ್ರೋನಿನಿಂದ ಹಿಂಬಾಲಿಸಿದರು. ಎಂಟು ಗಂಟೆ! ಅಷ್ಟು ನೋಡಿದ ಮೇಲೂ ಅದರಲ್ಲಿ ಇದ್ದದ್ದು ಬಾಂಬ್ ಅಂದುಕೊಂಡು ಹೊಡೆದರು. ಇದ್ದದ್ದು ನೀರಿನ ಕ್ಯಾನು. ಕಾರಿನವನು ಅಮೆರಿಕದ್ದೇ ಒಂದು ನೆರವು ಸಂಸ್ಥೆಯಲ್ಲಿ ಕೆಲಸ ಮಾಡುತ್ತಿದ್ದವನು. ಸತ್ತವರು 10 ಮಂದಿ, ಅದರಲ್ಲಿ 7 ಮಕ್ಕಳು. ಅಲ್ಲಿ ಒಂದು ಜೀವಕ್ಕೆ ಎಷ್ಟು ಜೀವ ಅಂತ ತೂಗುವ ಮಾತೇ ಬರಲಿಲ್ಲ. ಕೆಳಗೆ ಯಾರಿದ್ದಾರೆ ಅನ್ನುವುದೇ ಗೊತ್ತಿರಲಿಲ್ಲ, ಗೊತ್ತಿದೆ ಅನ್ನುವ ನಂಬಿಕೆ ಮಾತ್ರ ಗಟ್ಟಿಯಾಗಿತ್ತು. ಮಗನಿಗೆ ಇದನ್ನು ಹೇಳಿದಾಗ ಅವನು ಸುಮಾರು ಹೊತ್ತು ಸುಮ್ನೆ ಕೂತ.

ಆ ಸಿನಿಮಾದಲ್ಲಿ ಈ ಮಾತಿಗೆ ಹತ್ತಿರ ಬರುವ ದೃಶ್ಯ ಒಂದಿದೆ. ಹುಡುಗಿ ಸಾಯುವ ಸಾಧ್ಯತೆ ಶೇ 50ಕ್ಕಿಂತ ಕೆಳಗೆ ಬಂದರೆ ಅನುಮತಿ ಸುಲಭ ಅಂತ ಕರ್ನಲ್ ಆದ ಹೆಂಗಸು ಲೆಕ್ಕ ಹಾಕುವವನ ಮೇಲೆ ಒತ್ತಡ ಹಾಕಿ ಶೇ 45 ಅಂತ ಹೇಳಿಸುತ್ತಾಳೆ. ಅವಳು ರಾಕ್ಷಸಿ ಅಲ್ಲ, ಬಾಂಬ್ ಸಿಡಿಯುವ ಮೊದಲು ತಡೆಯಬೇಕು ಅನ್ನುವ ಆತುರ ಅವಳದು. ಆದರೂ ನನಗೆ ಇಡೀ ಸಿನಿಮಾದಲ್ಲಿ ಜಾಸ್ತಿ ಭಯ ಆಗಿದ್ದು ಆ ಸಂಖ್ಯೆ ಕೇಳಿದಾಗಲೇ. ಕೊನೆಯಲ್ಲಿ ಕ್ಷಿಪಣಿ ಬಿದ್ದು ಹುಡುಗಿ ಗಾಯಗೊಂಡಾಗ ಉಗ್ರರೇ ತಮ್ಮ ಗಾಡಿಯ ಮೇಲಿನ ಬಂದೂಕು ಇಳಿಸಿ ಆ ಹುಡುಗಿಯನ್ನು ಆಸ್ಪತ್ರೆಗೆ ಒಯ್ಯುತ್ತಾರೆ. ನಮ್ಮವ್ವ ಅಲ್ಲಿಗೆ ಎದ್ದು ಒಳಗೆ ಹೋದಳು.

ಇದನ್ನೆಲ್ಲ ನಿಮಗೆ ಯಾಕೆ ಬರೆದೆ ಅಂದರೆ, 2025ರ ಮೇ ತಿಂಗಳಲ್ಲಿ ನಮ್ಮ ಗಡಿಯ ಎರಡೂ ಕಡೆ ಡ್ರೋನ್ ಹಾರಿದಾಗ ಇಲ್ಲಿನ ಚಹಾ ಹೋಟೆಲಿನಲ್ಲಿ ಹುಡುಗರು ಮೊಬೈಲಿನಲ್ಲಿ ದಾಳಿಯ ಕಪ್ಪು ಬಿಳುಪಿನ ವಿಡಿಯೊ ನೋಡಿ ಚಪ್ಪಾಳೆ ಹೊಡೆಯುತ್ತಿದ್ದರು, ಅವು ಎಲ್ಲಿಯವು ಯಾವಾಗಿನವು ಅಂತ ಯಾರೂ ಕೇಳಲಿಲ್ಲ. ಗಡಿ ಕಾಯುವವರ ಮೇಲೆ ನನಗೆ ಪೂರ್ತಿ ಗೌರವ ಇದೆ. ಆ ಹುಡುಗರನ್ನೂ ದೂರುವುದಿಲ್ಲ, ಆ ಪರದೆಯಲ್ಲಿ ಹೊಗೆ ಬಿಟ್ಟರೆ ಬೇರೇನೂ ಕಾಣುವುದಿಲ್ಲ ಅಲ್ವಾ.

ಪತ್ರಿಕೆಯವರಲ್ಲಿ ಒಂದೇ ವಿನಂತಿ. ಕಾಬೂಲಿನ ದಾಳಿ ತಪ್ಪು ಅಂತ ಅಮೆರಿಕ ಒಪ್ಪಿಕೊಂಡಿದ್ದು ಸೆಪ್ಟೆಂಬರ್ 17ಕ್ಕೆ, ಅಂದರೆ 19 ದಿನದ ಮೇಲೆ. ಯಾವುದೇ ದೇಶದ ಡ್ರೋನ್ ದಾಳಿಯಾಗಲಿ, ಮೊದಲ ದಿನ ಮುಖಪುಟದಲ್ಲಿ 'ಉಗ್ರರ ಹತ್ಯೆ' ಅಂತ ಹಾಕಿದರೆ, ಸತ್ತವರು ನಿಜಕ್ಕೂ ಯಾರು ಅಂತ ಗೊತ್ತಾದ ದಿನದ ಸುದ್ದಿಯನ್ನೂ ಅದೇ ಮುಖಪುಟದಲ್ಲಿ, ಅಷ್ಟೇ ದೊಡ್ಡ ಅಕ್ಷರದಲ್ಲಿ ಹಾಕಿ.

ಇಂತಿ,
ನಿಮ್ಮ ಓದುಗ, ಬೀದರ್